ಎಲ್ಡನ್ ಟಟಲ್‌ಗೆ ಕಾಣದ ಸಿಂಹ

ಕಾಪರ್ ಬೆಂಡ್ ಊರಿನಲ್ಲಿ ಬೆಟ್ಟಸಿಂಹವನ್ನು ಕಣ್ಣಾರೆ ಕಾಣದವರು ಇಬ್ಬರೇ ಉಳಿದಿದ್ದರು. ಒಬ್ಬಳು ಅಂಚೆಯವನ ಹಸುಗೂಸು. ಅದಕ್ಕಿನ್ನೂ ದೃಷ್ಟಿ ನಿಂತಿರಲಿಲ್ಲ. ಇನ್ನೊಬ್ಬ ಎಲ್ಡನ್ ಟಟಲ್. ಅವನಿಗೆ ಅರವತ್ತು ದಾಟಿತ್ತು, ದೃಷ್ಟಿಯೂ ಚೆನ್ನಾಗಿಯೇ ಇತ್ತು.

ಇದನ್ನು ಅನ್ಯಾಯ ಅನ್ನದೆ ಬೇರೇನೆನ್ನಬೇಕು? ನೆಬ್ರಾಸ್ಕಾದ ಬಯಲುಸೀಮೆ ಬಿಟ್ಟು ಕೊಲರಾಡೋದ ಈ ಬೆಟ್ಟದ ಬುಡಕ್ಕೆ ಬಂದು ಮೂವತ್ತು ವರ್ಷವಾಗಿತ್ತು. ಕೆಲಸದಲ್ಲಿದ್ದಷ್ಟು ದಿನ ಕಾರ್ಪೆಟ್ ಅಂಗಡಿಯವನಾಗಿ ಕಂಡವರ ಮನೆಯ ನೆಲದ ಮೇಲೆ ಟೇಪು ಹಿಡಿದು ಮಂಡಿಯೂರಿ ಹರಿದಾಡಿದ್ದ. ನಿವೃತ್ತನಾದ ಮರುದಿನವೇ ಎದ್ದು ನಿಂತು, ಅಗಲ ಅಂಚಿನ ಹ್ಯಾಟು ಹಾಕಿ, ಮೊಣಕಾಲುದ್ದದ ಬೂಟು ತೊಟ್ಟು, 'ಬೆಟ್ಟದ ಮನುಷ್ಯ' ಆಗಿಬಿಟ್ಟ. ಹೊಸದಾಗಿ ಮನೆ ಕೊಂಡು ಬಂದವರಿಗೆಲ್ಲ ಬೇಲಿಯ ಮೇಲೆ ಮೊಣಕೈ ಊರಿ ಉಪದೇಶ ಮಾಡುತ್ತಿದ್ದ: ಕರಡಿ ಬಂದರೆ ಹೀಗೆ ನಿಲ್ಲಿ, ಹಾವು ಬಂದರೆ ಹಾಗೆ ಸರಿಯಿರಿ, ಸಿಂಹ ಬಂದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಸಿಂಹಕ್ಕೆ ಮಾತ್ರ ಎಲ್ಡನ್ನನ ಕಣ್ಣಲ್ಲಿ ಕಣ್ಣಿಡುವ ಮನಸ್ಸೇ ಬಂದಿರಲಿಲ್ಲ.

ಹೆಸರಿಗೆ ಸಿಂಹವೇ ಹೊರತು ಅದಕ್ಕೆ ಕೇಸರವಿಲ್ಲ, ಗರ್ಜನೆಯಿಲ್ಲ. ಜಿಂಕೆಯ ಬಣ್ಣದ, ಉದ್ದ ಬಾಲದ, ಬೆಕ್ಕಿನ ಜಾತಿಯ ಪ್ರಾಣಿ. ಜಿಂಕೆಗಳು ಊರೊಳಗೆ ಬಂದು ಹೂಗಿಡ ಮೇಯುತ್ತವೆ, ಅವುಗಳ ಹಿಂದೆ ಇದೂ ಬರುತ್ತದೆ. ಅಂಚೆಯವನು ನೋಡಿದ್ದ. ಪಾದ್ರಿಗಳು ನೋಡಿದ್ದರು. ಹಿಂದಿನ ಬೀದಿಯಲ್ಲಿ ಆಡು ಸಾಕಿದ್ದ ಮುದುಕಿ ಒಫೀಲಿಯಾ ಮೊಂಟಾನೋ ಅಂತೂ ಅದರ ಹರಿದ ಎಡಗಿವಿಯ ಗುರುತು ಹೇಳುವಷ್ಟು ಸಲ ನೋಡಿದ್ದಳು. ಕೊನೆಗೆ ಎಲ್ಡನ್ನನ ಹೆಂಡತಿ ವರ್ನಾ ಕೂಡ.

"ನೀನೂ ನೋಡಿದ್ಯಾ? ಯಾವಾಗ?" ಎಂದು ಅವನು ಚಮಚ ಕೆಳಗಿಟ್ಟು ಕೇಳಿದ್ದ.

"ಹೋದ ವರ್ಷ. ಬಟ್ಟೆ ಒಣಗ ಹಾಕ್ತಿದ್ದೆ. ಬಂತು, ನೋಡ್ತು, ಹೋಯ್ತು."

"ನನ್ನ ಯಾಕೆ ಕೂಗ್ಲಿಲ್ಲ?"

"ನೀನು ಊಟ ಮಾಡ್ತಿದ್ದೆ."

ಕಟ್ಟಿಕೊಂಡ ಹೆಂಡತಿ ಹೀಗೆ ಮಾಡಿದರೆ ಊರವರನ್ನು ಬೈದು ಪ್ರಯೋಜನವೇನು? ಎಲ್ಡನ್ ಸಹಿಸಿಕೊಂಡ. ಆದರೆ ಸಹನೆಗೂ ಒಂದು ಎಲ್ಲೆ ಇದೆ. ಆ ಎಲ್ಲೆಯ ಹೆಸರು ಕೋಲ್ಬಿ.

ಕೋಲ್ಬಿ ಪಕ್ಕದ ಮನೆಗೆ ಫ್ಲಾರಿಡಾದಿಂದ ಬಂದ ಹೊಸಬ. ಬಂದು ಇನ್ನೂ ಪೆಟ್ಟಿಗೆ ಬಿಚ್ಚಿ ಮುಗಿದಿರಲಿಲ್ಲ. ಬೇಸಿಗೆಯ ಭಾನುವಾರ ಪಾರ್ಕಿನಲ್ಲಿ ಬೀದಿಯವರೆಲ್ಲ ಮನೆಗೊಂದು ಪಾತ್ರೆ ತಂದು ಹಂಚಿಕೊಂಡು ಉಣ್ಣುವ ದಿನ, ಎಲ್ಡನ್ ತನ್ನ ಬೀನ್ಸ್ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತಿದ್ದ. ಜನ ತಟ್ಟೆ ಹಿಡಿದು ಅವನತ್ತ ಬರುವುದು ಬಿಟ್ಟು ಕೋಲ್ಬಿಯ ಸುತ್ತ ಮುತ್ತಿಕೊಂಡಿದ್ದರು.

"ಕಸದ ಡಬ್ಬ ಹೊರಗಿಡೋಕೆ ಹೋದೆ ಅಷ್ಟೇ," ಎನ್ನುತ್ತಿದ್ದ ಕೋಲ್ಬಿ. "ರಬ್ಬರ್ ಚಪ್ಪಲಿ ಹಾಕ್ಕೊಂಡಿದ್ದೆ. ನೋಡಿದ್ರೆ ರಸ್ತೆ ಮಧ್ಯೆ ಕೂತಿದೆ! ಅಬ್ಬಬ್ಬಾ, ಏನು ಗಾಂಭೀರ್ಯ! ನನ್ನೇ ನೋಡ್ತು ರೀ!"

ರಬ್ಬರ್ ಚಪ್ಪಲಿ! ಮೂವತ್ತು ವರ್ಷ ಬೂಟಿನ ಕನಸು ಕಂಡವನನ್ನು ಬಿಟ್ಟು ರಬ್ಬರ್ ಚಪ್ಪಲಿಯವನಿಗೆ ದರ್ಶನ! ಎಲ್ಡನ್ನನ ಕಿವಿ ಕೆಂಪಾಯಿತು. ಆಗ ಕೋಲ್ಬಿ ಮುಗ್ಧವಾಗಿ ಇತ್ತ ತಿರುಗಿ, "ನೀವಂತೂ ಎಷ್ಟು ನೋಡಿರ್ತೀರೋ ಮಿಸ್ಟರ್ ಟಟಲ್! ಕೊನೇ ಸಲ ಯಾವಾಗ ನೋಡಿದ್ರಿ?" ಎಂದು ಕೇಳಿದ.

ಮನುಷ್ಯನ ಬಾಯಿಗೂ ಬುದ್ಧಿಗೂ ನಡುವೆ ಒಂದು ಬಾಗಿಲಿದೆ. ಎಲ್ಡನ್ನನ ಮಟ್ಟಿಗೆ ಆ ಹೊತ್ತು ಅದಕ್ಕೆ ಅಗುಳಿ ಹಾಕಿರಲಿಲ್ಲ.

"ಮಂಗಳವಾರ," ಎಂದ.

"ಈ ಮಂಗಳವಾರಾನಾ?"

"ಬೆಳಗ್ಗೆ. ನಮ್ಮ ಹಿತ್ತಲಲ್ಲಿ." ಇಲ್ಲಿಗೆ ನಿಲ್ಲಿಸಿದ್ದರೆ ಕಥೆಯೂ ನಿಲ್ಲುತ್ತಿತ್ತು. ಆದರೆ ಆಗಲೇ ನಾಲ್ಕಾರು ತಟ್ಟೆಗಳು ಅವನ ಕಡೆ ತಿರುಗಿದ್ದವು. "ನೋಡಿದ್ದು ಅಂತ ಅಲ್ಲ, ಅದು... ಮೇಲೆ ಬಿತ್ತು."

"ಮೇಲೆ ಬಿತ್ತಾ!"

"ನೆಗೀತು. ಹಲ್ಲು ಕಿರಿದು ಗರ್ಜಿಸ್ತು. ಕೈಲಿ ಏನೂ ಇರ್ಲಿಲ್ಲ. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎತ್ತಿ ತಡ್ದೆ. ಹಿಂಗೆ!" ಅವನು ಸೌಟಿನಿಂದಲೇ ಮಾಡಿ ತೋರಿಸಿದ. ಪಾದ್ರಿಗಳ ಅಂಗಿಯ ಮೇಲೆ ಬೀನ್ಸ್ ಹಾರಿತು. ಅವರು ಒರೆಸಿಕೊಳ್ಳುವುದನ್ನೂ ಮರೆತರು.

"ಬೆಟ್ಟಸಿಂಹ ಗರ್ಜಿಸಲ್ಲ ಅಂತ ಇಂಟರ್ನೆಟ್‌ನಲ್ಲಿ ಓದಿದ್ದೆ," ಎಂದ ಕೋಲ್ಬಿ.

"ಇಂಟರ್ನೆಟ್‌ನಲ್ಲಿರೋದು ಗರ್ಜಿಸಲ್ವೇನೋ," ಎಂದ ಎಲ್ಡನ್ ಗಂಭೀರವಾಗಿ.

ಆ ಕಡೆ ಮೇಜಿನ ಬಳಿ ಪೈ ಎಂಬ ಸಿಹಿತಿಂಡಿ ಕೊಯ್ಯುತ್ತಿದ್ದ ವರ್ನಾಳ ಕೈಯ ಚಾಕು ಅಲ್ಲೇ ನಿಂತಿತು. ಮನೆಗೆ ಹಿಂತಿರುಗುವಾಗ ಕಾರಿನಲ್ಲಿ ಅವಳು ಒಂದೇ ಮಾತು ಕೇಳಿದಳು.

"ಎಲ್ಡನ್, ಮಂಗಳವಾರ ಬೆಳಗ್ಗೆ ನಾವು ಮನೇಲೇ ಇರ್ಲಿಲ್ವಲ್ಲ?"

"ನಾವೆಲ್ಲಿದ್ವಿ ಅಂತ ಯಾರಿಗೂ ಹೇಳಲ್ಲ ಅಂತ ನೀನು ಮಾತು ಕೊಟ್ಟಿದ್ದೀಯ."

"ಕೊಟ್ಟಿದ್ದೀನಿ. ಆದ್ರೆ ಸಿಂಹದ ಜೊತೆ ಕುಸ್ತಿ ಆಡಿದೆ ಅಂತ ಹೇಳ್ತೀಯ ಅಂತ ಗೊತ್ತಿದ್ರೆ ಕೊಡ್ತಿರ್ಲಿಲ್ಲ."

"ನಾಳೆಗೆಲ್ಲ ಮರೀತಾರೆ ಬಿಡು," ಎಂದ ಎಲ್ಡನ್.

ಮರೆಯಲಿಲ್ಲ. ಬೆಳಗಾಗುವಷ್ಟರಲ್ಲಿ ವರ್ನಾಳ ತಮ್ಮ ಡ್ವೇನ್ ತನ್ನ ಪಿಕಪ್ ಗಾಡಿಯಲ್ಲಿ ಬಂದಿಳಿದ. ಮೈತುಂಬ ಎಲೆ ಚಿತ್ರದ ಬೇಟೆಯ ಬಟ್ಟೆ, ಹೆಗಲಿಗೆ ಬಂದೂಕು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅಕ್ಕನ ಗಂಡನನ್ನು ಗಂಡಸೆಂದು ಲೆಕ್ಕಕ್ಕಿಡದವನು, ಇಂದು ಬಂದವನೇ ತಬ್ಬಿಕೊಂಡ.

"ಎಲ್ಡನ್! ನನ್ನ ಹುಲೀ! ಎಲ್ಲಿ, ಆ ಕುರ್ಚಿ ತೋರ್ಸು!"

ಕುರ್ಚಿ! ಇದು ಎಲ್ಡನ್ನನಿಗೆ ಹೊಳೆದೇ ಇರಲಿಲ್ಲ. "ಒಳಗಿದೆ, ತಡಿ," ಎಂದು ಅವನನ್ನು ಕಾಫಿಗೆ ಕೂರಿಸಿ, ಹಿತ್ತಲ ಷೆಡ್ಡಿಗೆ ಹೋಗಿ, ಹೊಸ ಬಿಳಿ ಕುರ್ಚಿಯೊಂದನ್ನು ಮಗುಚಿ ಹಾಕಿ, ಊಟದ ಮುಳ್ಳುಚಮಚದಿಂದ ಗೀರತೊಡಗಿದ. ಪ್ಲಾಸ್ಟಿಕ್ಕು ಅಂದುಕೊಂಡಷ್ಟು ಮೆದುವಲ್ಲ. ಬೆವರು ಹರಿಯಿತು, ಮುಳ್ಳು ಬಾಗಿತು. ವರ್ನಾ ಕಿಟಕಿಯಿಂದ ನೋಡಿದಳು.

"ಎಲ್ಡನ್, ಅದು ನನ್ನ ಹೊಸ ಕುರ್ಚಿ."

"ಶ್!"

"ಅದು ನನ್ನ ತಾಯಿ ಕೊಟ್ಟ ಫೋರ್ಕು."

ಡ್ವೇನ್ ಆ ಗೀರುಗಳ ಮೇಲೆ ಬೆರಳಾಡಿಸಿ, "ನಾಲ್ಕು ಉಗುರು! ಸಾಲಾಗಿ! ಎಂಥಾ ರಾಕ್ಷಸ ಇರ್ಬೇಕು ಅದು!" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಮಧ್ಯಾಹ್ನದೊಳಗೆ ಕುರ್ಚಿ ನೋಡಲು ಬೀದಿಯೇ ಬಂತು. ಎದುರು ಮನೆಯ ಮಿಸೆಸ್ ಕ್ವಿಲ್ ರೂಬಾರ್ಬ್ ದಂಟಿನ ಪೈ ತಂದುಕೊಟ್ಟಳು. ಕ್ಷೌರದಂಗಡಿಯವನೂ ಊರಿನ ಮೇಯರನೂ ಆದ ಲೂಮಿಸ್, "ಇನ್ಮೇಲೆ ನಿನ್ನ ತಲೆ ನನ್ನ ಜವಾಬ್ದಾರಿ," ಎಂದ. ಎಲ್ಡನ್ನನ ತಲೆಯಲ್ಲಿ ಅಂಥ ಜವಾಬ್ದಾರಿಯಾಗುವಷ್ಟು ಕೂದಲೇನೂ ಇರಲಿಲ್ಲ. ಆದರೂ ಗೌರವ ಗೌರವವೇ.

ಮೂರು ಗಂಟೆಯ ಸುಮಾರಿಗೆ ವನ್ಯಜೀವಿ ಇಲಾಖೆಯ ಅಧಿಕಾರಿ ಬಂದಳು. ಹೆಸರು ಬ್ರಿಂಕರ್. ಒಂದೇ ಜಡೆ ಹೆಣೆದ, ಸಣ್ಣ ಆಳಿನ ಹೆಂಗಸು. ಒಳ್ಳೆಯ ಸುದ್ದಿಗೂ ಕೆಟ್ಟ ಸುದ್ದಿಗೂ ಮುಖ ಒಂದೇ.

"ಮಿಸ್ಟರ್ ಟಟಲ್, ಯೋಚಿಸಿ ಹೇಳಿ. ಅದು ದಾರಿ ತಪ್ಪಿ ಬಂದು ನಿಮ್ಮನ್ನ ನೋಡಿ ಬೆದರಿತಾ? ಇಲ್ಲ, ತಾನಾಗೇ ನಿಮ್ಮ ಮೇಲೆ ಎರಗಿತಾ?"

ಇಲ್ಲಿ ಒಂದು ಒಳ್ಳೆಯ ದಾರಿಯಿತ್ತು. 'ಬೆದರಿತು' ಎಂದಿದ್ದರೆ ಸಾಕಿತ್ತು. ಎಲ್ಡನ್ ಆ ದಾರಿಯನ್ನು ನೋಡಿದ ಕೂಡ. ಆದರೆ ಎಡಗಡೆ ಡ್ವೇನ್, ಬಲಗಡೆ ಮೇಯರ್, ಬೇಲಿಯ ಮೇಲೆ ಕೋಲ್ಬಿಯ ತಲೆ.

"ಎರಗಿತು," ಎಂದ. "ಎರಡು ಸಲ."

"ಎರಡು ಸಲಾನಾ?"

"ಮೊದಲ್ನೇ ಸಲ ಕುರ್ಚಿಗೆ ತಗುಲಿ ಬಿತ್ತು. ಅದಕ್ಕೆ ಅವಮಾನ ಆಯ್ತು ಅನ್ಸುತ್ತೆ."

ಬ್ರಿಂಕರ್ ತಲೆಯಾಡಿಸಿ ಹೊರಟುಹೋದಳು. ಮರುದಿನ ಎಲ್ಡನ್ನನ ಹಿತ್ತಲಿಗೆ ಕಬ್ಬಿಣದ ಬೋನು ಬಂತು. ಒಳಗೆ ಜಿಂಕೆಯ ತೊಡೆ. ಬಾಗಿಲು ಬಿದ್ದೊಡನೆ ಬ್ರಿಂಕರಳ ಫೋನು ಕೂಗುವಂತೆ ಒಂದು ಯಂತ್ರ. ಪಕ್ಕದ ಪೈನ್ ಮರಕ್ಕೆ, ಏನಾದರೂ ಅಲುಗಿದರೆ ತಾನೇ ಚಿತ್ರ ತೆಗೆಯುವ ಕ್ಯಾಮರಾ. ಅಷ್ಟಕ್ಕೇ ಮುಗಿಯಲಿಲ್ಲ. ಶಾಲೆಯ ಆಟದ ಬಯಲಿಗೆ ಬೀಗ ಬಿತ್ತು. ತೊರೆಯ ಪಕ್ಕದ ಕಾಲುದಾರಿಗೆ ಹಳದಿ ಪಟ್ಟಿ ಬಿತ್ತು. ಪಾರ್ಕಿನ ಬೇಸಿಗೆ ವಾದ್ಯಗೋಷ್ಠಿ ರದ್ದಾಯಿತು. ಸಾಕುಪ್ರಾಣಿಗಳನ್ನು ಯಾರೂ ಹೊರಗೆ ಬಿಡಕೂಡದೆಂದು ಮೇಯರ್ ಲೂಮಿಸ್ ಆಜ್ಞೆ ಹೊರಡಿಸಿದ. ಊರು ಎರಡಾಯಿತು. ಅರ್ಧ ಜನ ಸಿಂಹದ ಮೇಲೆ ಸಿಟ್ಟಾದರು, ಇನ್ನರ್ಧ ಜನ ಸಿಂಹದ ಮೇಲೆ ಸಿಟ್ಟಾದವರ ಮೇಲೆ ಸಿಟ್ಟಾದರು. ಎಲ್ಡನ್ನನ ಮೇಲೆ ಮಾತ್ರ ಯಾರಿಗೂ ಸಿಟ್ಟಿರಲಿಲ್ಲ.

ಅವನಿಗೋ, ಸುಖದ ದಿನಗಳು. ದಿನವೂ ಬೆಳಗ್ಗೆ ಹ್ಯಾಟು ಹಾಕಿ, ಹೊಸ ದುರ್ಬೀನು ಕೊರಳಿಗೆ ಹಾಕಿ, ಬೇಲಿಯ ಬಳಿ ಬೆಟ್ಟದ ಕಡೆ ಮುಖ ಮಾಡಿ ನಿಲ್ಲುವನು. "ಬಾ, ಧೈರ್ಯ ಇದ್ರೆ ಬಾ!" ಎಂದು ಬಂಡೆಗಳಿಗೆ ಕೇಳುವಂತೆ ಕೂಗುವನು. ಹೋಗಿಬರುವವರು ನಿಂತು ನೋಡುವರು. ಒಳಗೊಳಗೇ ಅವನಿಗೆ ನಿಜವಾದ ಆಸೆಯೂ ಇತ್ತು: ಈಗಲಾದರೂ ಒಮ್ಮೆ ಕಂಡುಬಿಡಲಿ, ಹೇಳಿದ ಸುಳ್ಳಿಗೆ ಸ್ವಲ್ಪ ತಳಪಾಯವಾದರೂ ಆಗಲಿ.

ಒಂದು ದಿನ ಬ್ರಿಂಕರ್ ಬೋನಿನ ಮಾಂಸ ಬದಲಿಸಲು ಬಂದಾಗ ಅವನು ಯಜಮಾನನ ಗತ್ತಿನಲ್ಲಿ ಕೇಳಿದ, "ಸಿಕ್ಕಿದ್ಮೇಲೆ ಎಲ್ಲಿಗೆ ಬಿಡ್ತೀರಿ? ದೂರದ ಕಾಡಿಗಾ?"

"ಬಿಡಲ್ಲ ಮಿಸ್ಟರ್ ಟಟಲ್."

"ಹಾಗಂದ್ರೆ? ಮೃಗಾಲಯಾನಾ?"

"ಮನುಷ್ಯನ ಮೇಲೆ ಎರಗಿದ ಪ್ರಾಣೀನ ನಾವು ಉಳಿಸಲ್ಲ. ಕೊಲ್ಲಬೇಕಾಗುತ್ತೆ." ಅವಳ ಮುಖ ಎಂದಿನಂತೆಯೇ ಇತ್ತು, ದನಿ ಮಾತ್ರ ಸ್ವಲ್ಪ ಇಳಿಯಿತು. "ನನಗೂ ಇಷ್ಟ ಇಲ್ಲ. ಆದ್ರೆ ನೀವೇ ಹೇಳಿದ್ರಲ್ಲ, ಎರಡು ಸಲ ಅಂತ."

ಎಲ್ಡನ್ನನ ಕೈಯಿಂದ ದುರ್ಬೀನು ಜಾರಿ ಹೊಟ್ಟೆಗೆ ಬಡಿಯಿತು.

ಅಂದು ಸಂಜೆ ಒಫೀಲಿಯಾ ಮುದುಕಿ ಬೇಲಿಯ ಹತ್ತಿರ ಬಂದು ನಿಂತಳು. ಕೈಯಲ್ಲಿ ಆಡು ಕಟ್ಟುವ ಹಗ್ಗ, ಕಣ್ಣಲ್ಲಿ ಕೆಂಡ.

"ಎಲ್ಡನ್, ಆ ಹರುಕುಗಿವಿಯವಳು ಆರು ವರ್ಷದಿಂದ ನನ್ನ ಬೇಲಿ ಪಕ್ಕ ಓಡಾಡ್ತಾಳೆ. ಒಂದು ಮರೀನೂ ಮುಟ್ಟಿಲ್ಲ. ಅಂಥವಳು ನಿನ್ನ ಮೈಯಲ್ಲಿ ಏನು ರುಚಿ ಕಂಡ್ಲು, ಹೇಳು?"

"ಅದು... ಪ್ರಾಣಿ ಬುದ್ಧಿ, ಒಫೀಲಿಯಾ..."

"ಪ್ರಾಣಿ ಬುದ್ಧಿ ನಂಗೊತ್ತು. ಮನುಷ್ಯರ ಬುದ್ಧಿ ಬಗ್ಗೆ ಕೇಳ್ತಿದ್ದೀನಿ. ಹೋದ ತಿಂಗಳು ಎರಡು ಮರಿ ಹಿಂದೆ ಕರ್ಕೊಂಡು ಹೋಗ್ತಿದ್ಲು. ಇನ್ನೂ ಮೈಮೇಲೆ ಚುಕ್ಕೆ ಇರೋ ಮರಿ. ತಾಯಿ ಹೋದ್ರೆ ಅವಕ್ಕೆ ನೀನು ಹಾಲು ಕುಡಿಸ್ತೀಯಾ, ನಿನ್ನ ಕುರ್ಚಿ ಕುಡಿಸುತ್ತಾ?"

ಮುದುಕಿ ಹೋದಳು. ಮಿಸೆಸ್ ಕ್ವಿಲ್ ಕೊಟ್ಟ ಪೈ ಎಲ್ಡನ್ನನ ತಟ್ಟೆಯಲ್ಲೇ ಉಳಿಯಿತು. ಅವನು ಸುಳ್ಳುಗಾರನೇ ನಿಜ, ಆದರೆ ಕಟುಕನಲ್ಲ. ತಟ್ಟೆ ಸರಿಸಿ ವರ್ನಾಳ ಮುಖ ನೋಡಿದ.

"ನಾಳೆ ಸಿಂಹದ ವಿಷಯಕ್ಕೆ ಮೇಯರ್ ಕರೆದಿರೋ ಸಭೇಲಿ ನಿಜ ಹೇಳ್ಬಿಡ್ತೀನಿ," ಎಂದ.

"ಒಳ್ಳೇದು," ಎಂದಳು ವರ್ನಾ. "ಜೊತೆಗೆ ಫೋರ್ಕಿನ ವಿಷಯಾನೂ ಹೇಳು."

ಸಭೆ ಅಗ್ನಿಶಾಮಕ ಠಾಣೆಯ ದೊಡ್ಡ ಕೋಣೆಯಲ್ಲಿ, ಹಾಡಹಗಲು. ಕೆಂಪು ಗಾಡಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಬೆಂಚು ಹಾಕಿದ್ದರು. ಮೇಯರ್ ಲೂಮಿಸ್ ಅಧ್ಯಕ್ಷ. ಮುಂದೆ ಮೇಜಿನ ಮೇಲೆ ಸಾಕ್ಷ್ಯವಾಗಿ ಕುರ್ಚಿ. ಡ್ವೇನ್ ತನ್ನ ಜೊತೆ ಚೆಂಡುರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದ ಗೆಳೆಯರನ್ನೆಲ್ಲ ಕರೆತಂದಿದ್ದ. 'ಸಿಂಹ ಉಳಿಸಿ' ಎನ್ನುವವರು ಎಡಕ್ಕೆ, 'ಮಕ್ಕಳನ್ನು ಉಳಿಸಿ' ಎನ್ನುವವರು ಬಲಕ್ಕೆ ಕೂತು, ಪರಸ್ಪರರ ಮನೆತನದ ಬಗ್ಗೆ ನಾಲ್ಕು ಮಾತು ಆಡಿ ಮುಗಿಸಿದ್ದರು. ಆಗ ಎಲ್ಡನ್ ಎದ್ದು ಹ್ಯಾಟು ತೆಗೆದ.

"ನಾನು ಹೇಳಿದ್ದು ಸುಳ್ಳು," ಎಂದ. "ಸಿಂಹ ನನ್ನ ಮೇಲೆ ಬೀಳಲೇ ಇಲ್ಲ. ನಾನು ಅದನ್ನ ನೋಡೇ ಇಲ್ಲ. ಹುಟ್ಟಿದಾಗಿಂದ ನೋಡಿಲ್ಲ."

ಮೇಯರ್ ಲೂಮಿಸ್ ಕನ್ನಡಕ ತೆಗೆದು ಮೃದುವಾಗಿ ಹೇಳಿದ, "ಪಾಪ. ಆಘಾತ. ಯುದ್ಧದಿಂದ ಬಂದವರಿಗೂ ಹೀಗೇ ಆಗುತ್ತೆ. ಏನೂ ಆಗ್ಲೇ ಇಲ್ಲ ಅಂತಾರೆ."

"ಆಘಾತ ಅಲ್ಲ ಲೂಮಿಸ್! ಸುಳ್ಳು!"

ಕೋಲ್ಬಿ ಎದ್ದು ನಿಂತ. ಅವನ ದನಿ ಗದ್ಗದವಾಗಿತ್ತು. "ನಿಮಗೆ ಅರ್ಥ ಆಗ್ತಿಲ್ವಾ? ತನ್ನ ಮೇಲೆ ಎರಗಿದ ಪ್ರಾಣೀನ ಉಳಿಸೋಕೆ ಈ ಮನುಷ್ಯ ತನ್ನ ಮಾನ ಪಣಕ್ಕಿಡ್ತಿದ್ದಾರೆ! ನಾನು ಫ್ಲಾರಿಡಾದಲ್ಲಿ ಇಂಥವರನ್ನ ನೋಡಿಲ್ಲ!"

ಎಡಗಡೆಯವರು ಚಪ್ಪಾಳೆ ತಟ್ಟಿದರು. ದೊಡ್ಡ ಮನಸ್ಸಿಗೆ ಮನಸೋತು ಬಲಗಡೆಯವರೂ ತಟ್ಟಿದರು. ಅಷ್ಟು ಹೊತ್ತಿನಲ್ಲಿ ಎರಡೂ ಕಡೆ ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

"ತಟ್ಟಬೇಡ್ರೀ!" ಎಂದು ಎಲ್ಡನ್ ಕೂಗಿದ. ಸಿಟ್ಟಿನಿಂದ ಅವನ ಬೋಳುತಲೆ ಟೊಮ್ಯಾಟೊ ಬಣ್ಣಕ್ಕೆ ತಿರುಗಿತ್ತು. ಜೀವಮಾನದಲ್ಲಿ ಮೊದಲ ಸಲ ಇಷ್ಟು ಕಷ್ಟಪಟ್ಟು ನಿಜ ಹೇಳುತ್ತಿದ್ದಾನೆ, ಅದನ್ನೂ ಕಸಿದುಕೊಳ್ಳುತ್ತಾರೆಂದರೆ! "ನಾನು ಸುಳ್ಳುಗಾರ! ಅಪ್ಪಟ ಸುಳ್ಳುಗಾರ!"

"ಹಾಗೆಲ್ಲ ಹೇಳ್ಕೋಬಾರ್ದಪ್ಪ," ಎಂದರು ಪಾದ್ರಿಗಳು.

"ಹಾಗಾದ್ರೆ ಕುರ್ಚಿ ಗೀರಿದ್ದು ಯಾರು?" ಎಂದು ಡ್ವೇನ್ ಜಾಣತನದಿಂದ ಕೇಳಿದ.

"ನಾನೇ! ಫೋರ್ಕಿನಿಂದ!"

ಡ್ವೇನ್ ಬೌಲಿಂಗ್ ಗೆಳೆಯರತ್ತ ತಿರುಗಿದ. "ಫೋರ್ಕ್ ತಗೊಂಡು ಸ್ವಂತ ಕುರ್ಚಿ ಗೀರೋನು ಪ್ರಪಂಚದಲ್ಲಿ ಎಲ್ಲಾದ್ರೂ ಇರ್ತಾನೇನ್ರೋ?"

"ಇರಲ್ಲ!" ಎಂದರು ಗೆಳೆಯರು ಒಕ್ಕೊರಲಿನಿಂದ.

ಎಲ್ಡನ್ ಬ್ರಿಂಕರಳ ಕಡೆ ಕೈಚಾಚಿದ. "ಆಫೀಸರ್, ನೀವಾದ್ರೂ ನಂಬಿ."

"ನಂಬೋಕೆ ನನಗೂ ಆಸೆಯೇ," ಎಂದಳು ಬ್ರಿಂಕರ್. "ಆದ್ರೆ ಮೊದಲು ಒಂದು ಹೇಳಿದ್ರಿ, ಈಗ ಒಂದು ಹೇಳ್ತಿದ್ದೀರಿ. ಎರಡೂ ನಿಮ್ಮ ಬಾಯಿಂದಾನೇ. ಯಾವುದನ್ನ ಹಿಡೀಲಿ? ನಾಳೆ ಒಂದು ಮಗುವಿಗೆ ಏನಾದ್ರೂ ಆದ್ರೆ?"

ಆಗ ಹಿಂದಿನ ಬೆಂಚಿನಲ್ಲಿ ವರ್ನಾ ಎದ್ದು ನಿಂತಳು. ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಎಲ್ಡನ್, ನಾನು ಕೊಟ್ಟ ಮಾತು ವಾಪಸ್ ತಗೋತೀನಿ," ಎಂದಳು. ಆಮೇಲೆ ಸಭೆಗೆ ಹೇಳಿದಳು: "ಆ ಮಂಗಳವಾರ ಬೆಳಗ್ಗೆ ಇವನು ಪಟ್ಟಣದಲ್ಲಿ ಕಾಲಿನ ಡಾಕ್ಟರ ಹತ್ತಿರ ಇದ್ದ. ಹೆಬ್ಬೆರಳಿನ ಉಗುರು ಒಳಗೆ ಬೆಳೆದಿತ್ತು. ಆ ಬೂಟಿನಿಂದ. ಡಾಕ್ಟರು ಸೂಜಿ ತೆಗೆದ್ರು, ಇವನು ಮೂರ್ಛೆ ಹೋದ. ನರ್ಸಮ್ಮ ಮುಖಕ್ಕೆ ನೀರು ಹಾಕಿ ಎಬ್ಬಿಸಿದ್ರು. ಸೂಜಿ ಇನ್ನೂ ಚುಚ್ಚಿರ್ಲಿಲ್ಲ."

ಸಭೆ ಒಂದೇ ಉಸಿರಿನಲ್ಲಿ "ಓಹೋ..." ಎಂದಿತು.

ನೋಡಿ, ಇದು ಎಂಥ ನ್ಯಾಯ! ಎಲ್ಡನ್ ಗಂಟಲು ಹರಿದುಕೊಂಡು ಹೇಳಿದರೂ ಯಾರೂ ನಂಬದಿದ್ದ ಸಂಗತಿಯನ್ನು, ವರ್ನಾ ದನಿ ಏರಿಸದೆ ಹೇಳಿದ್ದಕ್ಕೆ ಊರಿಗೆ ಊರೇ ತಕ್ಷಣ ನಂಬಿತು. ಒಬ್ಬನೇ ಒಬ್ಬ ಸಂಶಯಪಡಲಿಲ್ಲ. ಸಂಶಯಪಟ್ಟಿದ್ದರೆ ಎಲ್ಡನ್ನನಿಗೆ ತುಸು ಸಮಾಧಾನವಾದರೂ ಆಗುತ್ತಿತ್ತು.

"ನನ್ನ ಪೈ!" ಎಂದು ಮಿಸೆಸ್ ಕ್ವಿಲ್ ಚೀರಿದಳು.

"ನಮ್ಮ ವಾದ್ಯಗೋಷ್ಠಿ!"

"ಮಕ್ಕಳು ಇಷ್ಟು ದಿನ ಮನೇಲೇ ಕೂತು ನನ್ನ ತಲೆ ತಿಂದ್ರಲ್ಲ!"

"ನಾನು ಬೌಲಿಂಗ್ ಸಂಘದವರಿಗೆಲ್ಲ ಹೇಳ್ಬಿಟ್ಟೆ!" ಡ್ವೇನ್ ಕುರ್ಚಿಯನ್ನು ನೋಡುತ್ತ ಬಹುತೇಕ ಅಳುತ್ತಿದ್ದ. "ಮುಟ್ಟಿ ನೋಡಿದೆನಲ್ಲೋ! ಕಣ್ಣಿಗೊತ್ತಿಕೊಂಡೆನಲ್ಲೋ!"

ಮೇಯರ್ ಲೂಮಿಸ್ ಮೇಜು ಗುದ್ದಿ, ಇನ್ನು ಮುಂದೆ ಎಲ್ಡನ್ ತನ್ನ ತಲೆಯನ್ನು ತಾನೇ ನೋಡಿಕೊಳ್ಳತಕ್ಕದ್ದೆಂದು ಘೋಷಿಸುವಷ್ಟರಲ್ಲಿ ಬ್ರಿಂಕರಳ ಜೇಬಿನೊಳಗಿಂದ ಕೀಚಲು ಸದ್ದು ಬಂತು. ಅವಳು ಫೋನು ತೆಗೆದು ನೋಡಿದಳು. ಮೊದಲ ಸಲ ಅವಳ ಮುಖ ಬದಲಾಯಿತು.

"ಬೋನಿನ ಬಾಗಿಲು ಬಿದ್ದಿದೆ," ಎಂದಳು.

ಯಾರಿಗಿಂತಲೂ ಮೊದಲು ಹೊರಗೋಡಿದವನು ಎಲ್ಡನ್. ಹೆಬ್ಬೆರಳಿಗೆ ಇನ್ನೂ ಬ್ಯಾಂಡೇಜಿತ್ತು. ಒಂದು ಕಾಲು ಓಡಿದರೆ ಇನ್ನೊಂದು ಕುಂಟುತ್ತಿತ್ತು. ಹ್ಯಾಟು ಹಾರಿ ಚರಂಡಿಗೆ ಬಿತ್ತು, ತಿರುಗಿ ನೋಡಲಿಲ್ಲ. ಹಿಂದೆ ಬ್ರಿಂಕರಳ ಗಾಡಿ, ಅದರ ಹಿಂದೆ ಊರು. ಕಣ್ಣಮುಂದೆ ಹರಿದ ಕಿವಿಯ ತಾಯಿ, ಚುಕ್ಕೆಯ ಮರಿಗಳು. ಗೇಟು ತಳ್ಳಿ, ಹಿತ್ತಲಿಗೆ ನುಗ್ಗಿ, ಬೋನಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ಅಡ್ಡ ನಿಂತ.

ಬ್ರಿಂಕರ್ ಗಾಡಿಯಿಂದ ಬಂದೂಕು ಇಳಿಸಿಕೊಂಡು ಬಂದಳು; ಏನಾದರೂ ಆದರೆ ಇರಲಿ ಎಂದು ಹಿಡಿದಿದ್ದಳು, ಅಷ್ಟೇ.

"ಹೊಡೀಬೇಡಿ!" ಎಲ್ಡನ್ ಏದುಸಿರಿನಲ್ಲಿ ಕೂಗಿದ. "ತಪ್ಪು ಮಾಡಿದೋನು ನಾನು! ಅದಕ್ಕೆ ಹೊಡೆಯೋದಾದ್ರೆ ಮೊದಲು ನನಗೆ ಹೊಡೀರಿ!"

"ಮಿಸ್ಟರ್ ಟಟಲ್..."

"ಇಲ್ಲ! ನಾನು ಇಲ್ಲಿಂದ ಕದಲಲ್ಲ! ಅದಕ್ಕೆ ಮರಿಗಳಿವೆ!"

"ಮಿಸ್ಟರ್ ಟಟಲ್, ಒಂದು ಸಲ ಹಿಂದೆ ತಿರುಗಿ ನೋಡಿ."

ತಿರುಗಿದ. ಬೋನಿನೊಳಗೆ ಮೇಯರ್ ಲೂಮಿಸ್‌ನ ದಪ್ಪ ಲ್ಯಾಬ್ರಡಾರ್ ನಾಯಿ, ಜಿಂಕೆಯ ತೊಡೆಯನ್ನು ಮೂಳೆಯವರೆಗೆ ಮುಗಿಸಿ, ಬೆನ್ನಮೇಲೆ ಮಲಗಿ ನಾಲ್ಕೂ ಕಾಲು ಮೇಲೆತ್ತಿ ಗೊರಕೆ ಹೊಡೆಯುತ್ತಿತ್ತು.

ಊರಿನ ಸಿಟ್ಟಿಗೆ ಈಗ ಇನ್ನೊಬ್ಬ ಯಜಮಾನ ಸಿಕ್ಕಿದ. "ಸಾಕುಪ್ರಾಣಿ ಹೊರಗೆ ಬಿಡಬಾರ್ದು ಅಂತ ಆಜ್ಞೆ ಮಾಡಿದ್ಯಾರು ಲೂಮಿಸ್?" ಎಂದು ಒಫೀಲಿಯಾ ಸೊಂಟದ ಮೇಲೆ ಕೈಯಿಟ್ಟಳು. "ನನ್ನ ಆಡುಗಳು ಕತ್ತಲಲ್ಲಿ ಒಣಹುಲ್ಲು ತಿಂತಿವೆ, ನಿನ್ನ ನಾಯಿ ಜಿಂಕೆ ತಿನ್ನುತ್ತಾ?" ಮೇಯರನಿಗೆ ತನ್ನ ಬೂಟಿನ ದಾರ ಕಟ್ಟಿಕೊಳ್ಳುವ ತುರ್ತು ಬಂತು.

ನಾಯಿ ಯಾವಾಗ ನುಗ್ಗಿತೆಂದು ನೋಡಲು ಬ್ರಿಂಕರ್ ಮರದ ಕ್ಯಾಮರಾದಿಂದ ಚಿತ್ರಗಳನ್ನು ತನ್ನ ಟ್ಯಾಬ್ಲೆಟ್ಟಿಗೆ ಇಳಿಸಿಕೊಂಡಳು. ಒಂದೊಂದಾಗಿ ಸರಿಸುತ್ತ ಹೋದವಳು ಒಮ್ಮೆಗೇ ನಿಂತಳು. ಇನ್ನೊಂದು ಸರಿಸಿದಳು. ಮತ್ತೆ ನಿಂತಳು. ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೋ ಎಂದು ಪಾದ್ರಿಗಳು ಹತ್ತಿರ ಬಂದರು. ಅವಳು ನಗುತ್ತಿದ್ದಳು.

"ಎಲ್ರೂ ನೋಡಿ," ಎಂದು ಪರದೆಯನ್ನು ಇತ್ತ ತಿರುಗಿಸಿದಳು.

ಚಿತ್ರದಲ್ಲಿ ಎಲ್ಡನ್ ಬೇಲಿಯ ಬಳಿ ನಿಂತು, ದುರ್ಬೀನು ಕಣ್ಣಿಗಿಟ್ಟು ಬೆಟ್ಟ ನೋಡುತ್ತಿದ್ದ. ಅವನ ಬೆನ್ನ ಹಿಂದೆ, ಷೆಡ್ಡಿನ ಮಾಡಿನ ಮೇಲೆ, ಹರಿದ ಕಿವಿಯ ಸಿಂಹಿಣಿ ಮುಂಗಾಲು ಮಡಚಿ ಕೂತು ಅವನನ್ನೇ ನೋಡುತ್ತಿದ್ದಳು. ಮುಂದಿನ ಚಿತ್ರ: ಅವನು ಮುಷ್ಟಿ ಎತ್ತಿ ಬಂಡೆಗಳಿಗೆ ಸವಾಲು ಹಾಕುತ್ತಿದ್ದ, ಹಿಂದೆ ಸಿಂಹಿಣಿ ಬಾಯ್ತುಂಬ ಆಕಳಿಸುತ್ತಿದ್ದಳು. ಇನ್ನೊಂದು ದಿನದ್ದು: ಅವನು ಗೀರು ಬೀಳದ ಇನ್ನೊಂದು ಕುರ್ಚಿಯಲ್ಲಿ ಹ್ಯಾಟು ಮುಖಕ್ಕೆ ಮುಚ್ಚಿ ತೂಕಡಿಸುತ್ತಿದ್ದ, ಪಕ್ಕದಲ್ಲೇ ಹಕ್ಕಿಗೆಂದು ಇಟ್ಟ ತೊಟ್ಟಿಯಲ್ಲಿ ಅವಳೂ ಒಂದು ಮರಿಯೂ ನೀರು ಕುಡಿಯುತ್ತಿದ್ದವು. ಇನ್ನೊಂದು ಮರಿ ಅವನ ಬೂಟಿನ ದಾರ ಮೂಸುತ್ತಿತ್ತು.



"ಇಷ್ಟು ಶಾಂತ ಪ್ರಾಣಿ ನನ್ನ ಕೆಲಸದಲ್ಲೇ ನೋಡಿಲ್ಲ," ಎಂದಳು ಬ್ರಿಂಕರ್. "ಮನಸ್ಸು ಮಾಡಿದ್ರೆ ನಿಮ್ಮನ್ನ ಯಾವಾಗ ಬೇಕಾದ್ರೂ ಎಳ್ಕೊಂಡು ಹೋಗ್ಬಹುದಿತ್ತು. ಬೋನು ಇವತ್ತೇ ತಗೊಂಡ್ಹೋಗ್ತೀನಿ. ತಮಟೆ ಬಡಿದು, ಪಟಾಕಿ ಹೊಡೆದು ಸ್ವಲ್ಪ ಮೇಲಕ್ಕೆ ಅಟ್ಟಿದ್ರೆ ಸಾಕು. ಬೋನು ಹೊರೋಕೆ ನೀವೇ ಕೈ ಜೋಡಿಸಿ, ಮಿಸ್ಟರ್ ಟಟಲ್. ಮತ್ತೆ ಶಾಲೆಗೆ ಹೋಗಿ ಆ ಬೀಗಾನೂ ನೀವೇ ತೆಗೀರಿ. ಮಕ್ಕಳಿಗೆ ಯಾಕೆ ಹಾಕಿದ್ದು ಅಂತಾನೂ ನೀವೇ ಹೇಳಿ."

ಎಲ್ಡನ್ನನ ಕಿವಿಗೆ ಇದಾವುದೂ ಬೀಳುತ್ತಿರಲಿಲ್ಲ. ಅವನು ಚಿತ್ರದಿಂದ ಚಿತ್ರಕ್ಕೆ ಬೆರಳಾಡಿಸುತ್ತಿದ್ದ. ಜೀವ ಉಳಿದ ಸಮಾಧಾನ, ಸಿಂಹ ಉಳಿದ ಸಂತೋಷ ಎಲ್ಲವೂ ಅವನ ಮುಖದಲ್ಲಿ ಬಂದು, ಬಂದ ದಾರಿಯಲ್ಲೇ ಹೋಗಿ, ಕೊನೆಗೆ ಉಳಿದದ್ದು ಬರೀ ಸಿಟ್ಟು.

"ಇಷ್ಟು ದಿನ ಹಿಂದೇನೇ ಕೂತಿದ್ಲಲ್ಲ!" ಎಂದ. "ನಾನು ಗಂಟಲು ಹರ್ಕೊಂಡು ಕರೀತಿದ್ರೆ! ಒಂದು ಸಲ ಕೆಮ್ಮೋಕೆ ಏನಾಗಿತ್ತು ಇವಳಿಗೆ?"

"ಕಾರ್ಪೆಟ್ ಅಳೆಯೋ ಥರ ಎದುರಿಗಿರೋದನ್ನೇ ನೋಡ್ತಿದ್ರೆ ಹಿಂಗೇ ಆಗೋದು," ಎಂದಳು ವರ್ನಾ.

ಆ ಬೇಸಿಗೆ ಎಲ್ಡನ್ನನಿಗೆ ಕಷ್ಟದ್ದಾಗಿತ್ತು. ಕ್ಷೌರಕ್ಕೆ ಪಟ್ಟಣಕ್ಕೆ ಹೋಗಬೇಕಾಯಿತು. ಮಿಸೆಸ್ ಕ್ವಿಲ್ ಪೈ ಹೊತ್ತು ಅವನ ಮನೆ ದಾಟಿ ಮುಂದಿನ ಮನೆಗೆ ಹೋಗುತ್ತಿದ್ದಳು, ಬೇಕೆಂದೇ ನಿಧಾನವಾಗಿ. ಮಕ್ಕಳು ಅವನನ್ನು ಕಂಡರೆ ಬಾಗಿ ಕುರ್ಚಿ ಎತ್ತಿ ಹಿಡಿದಂತೆ ನಟಿಸುತ್ತಿದ್ದರು. ಬೂಟು ಬಿಟ್ಟು, ಡಾಕ್ಟರು ಹೇಳಿದಂತೆ ಮೆತ್ತನೆಯ ರಬ್ಬರ್ ಚಪ್ಪಲಿ ಹಾಕಿಕೊಂಡ. ಕೋಲ್ಬಿ ಮಾತ್ರ ಅದೇ ಭಕ್ತಿಯಿಂದ ಬೇಲಿಯಾಚೆ ನಿಂತು ಕರಡಿ ಬಂದರೆ ಏನು ಮಾಡಬೇಕೆಂದು ಕೇಳುತ್ತಿದ್ದ. ಎಲ್ಡನ್, "ಒಳಗೆ ಹೋಗಿ ಬಾಗಿಲು ಹಾಕ್ಕೋ," ಎನ್ನುತ್ತಿದ್ದ. ಅದು ಅವನು ಕೊಟ್ಟ ಮೊದಲ ಉಪಯುಕ್ತ ಉಪದೇಶ.

ಮರದೆಲೆಗಳು ಹಳದಿಗೆ ತಿರುಗಿದ ಒಂದು ಬೆಳಗ್ಗೆ, ಗಂಡ ಹೆಂಡತಿ ಹಿತ್ತಲಲ್ಲಿ ಕಾಫಿ ಕುಡಿಯುತ್ತಿದ್ದರು. ವರ್ನಾ ಲೋಟ ತುಟಿಯ ಹತ್ತಿರ ಹಿಡಿದು ಅಲ್ಲೇ ನಿಲ್ಲಿಸಿದಳು. ತೀರ ಮೆಲ್ಲಗೆ ಹೇಳಿದಳು.

"ಎಲ್ಡನ್. ಸುಮ್ನೆ, ನಿಧಾನಕ್ಕೆ, ತಿರುಗು."

ನಿಧಾನಕ್ಕೆ ತಿರುಗುವುದು ಎಲ್ಡನ್ನನ ಜಾಯಮಾನದಲ್ಲಿರಲಿಲ್ಲ. ಕುರ್ಚಿ ಮಗುಚಿತು, ಕಾಫಿ ಮಡಿಲಿಗೆ ಬಿತ್ತು. ಅವನು ಕತ್ತು ಹೊರಳಿಸುವಷ್ಟರಲ್ಲಿ ಷೆಡ್ಡಿನ ಪಕ್ಕದ ಪೊದೆಯೊಳಗೆ ಮೊಳದುದ್ದದ ಏನೋ ಒಂದು, ತುದಿ ಕಪ್ಪಗಿದ್ದದ್ದು, ಸರ್ರನೆ ಸರಿದು ಹೋಯಿತು.

ಎಲ್ಡನ್ ಒದ್ದೆ ಪ್ಯಾಂಟಿನಲ್ಲೇ ಒಫೀಲಿಯಾಳ ಮನೆಗೆ ನಡೆದ. ವರ್ನಾ ಹಿಂದೆಯೇ ಹೋದಳು, ಏನು ಹೇಳಿಬಿಡುತ್ತಾನೋ ಎಂಬ ಹೆದರಿಕೆಯಿಂದ. ಮುದುಕಿ ಆಡಿನ ಹಾಲು ಕರೆಯುತ್ತಿದ್ದಳು. ಅಂಚೆಯವನೂ ಕೋಲ್ಬಿಯೂ ಅಲ್ಲೇ ನಿಂತಿದ್ದರು. ಎಲ್ಲರೂ ಅವನತ್ತ ನೋಡಿದರು. ಯಾರ ಮುಖದಲ್ಲೂ ಕಾಸಿನಷ್ಟು ನಂಬಿಕೆಯಿರಲಿಲ್ಲ.

"ನೋಡ್ದೆ," ಎಂದ ಎಲ್ಡನ್.

"ಏನು ನೋಡ್ದೆ?" ಎಂದಳು ಒಫೀಲಿಯಾ, ಕರೆಯುವುದನ್ನು ನಿಲ್ಲಿಸದೆ.

"ಬಾಲ."

ಮುದುಕಿಯ ಕೈ ನಿಂತಿತು. "ಬಾಲ ಅಂದ್ರೆ? ಅಷ್ಟೇನಾ?"

"ಅಷ್ಟೇ. ಅದೂ ಪೂರ್ತಿ ಅಲ್ಲ."

ಒಫೀಲಿಯಾ ಅವನನ್ನು ತಲೆಯಿಂದ ರಬ್ಬರ್ ಚಪ್ಪಲಿಯವರೆಗೆ ನೋಡಿದಳು. ಆಮೇಲೆ ಅಂಚೆಯವನ ಕಡೆ ತಿರುಗಿ ಹೇಳಿದಳು, "ನಿಜ ಕಣಯ್ಯ. ನೋಡಿದಾನೆ. ಸುಳ್ಳಾಗಿದ್ರೆ ಇವನು ಇಷ್ಟಕ್ಕೇ ನಿಲ್ಲಿಸ್ತಾನಾ?"

ಅಂಚೆಯವನ ಮುಖ ಅರಳಿತು. ಕೋಲ್ಬಿ ಬಂದು ಕೈಕುಲುಕಿದ. ಮೂವತ್ತು ವರ್ಷ ಕಾದ ಗೌರವ ಇದೀಗ ಬಂದು ಎದುರಿಗೆ ನಿಂತಿತ್ತು. ಎಲ್ಡನ್ನನ ಎದೆ ಉಬ್ಬಿತು, ಕೈ ತಾನಾಗಿಯೇ ಮೇಲೆದ್ದಿತು.

"ಬಾಲ ಅಂದ್ರೆ, ಹಿಂಗಾಲೂ ಒಂಚೂರು... ಅದು ಹಿಂಗೆ ನೆಗೆದಾಗ..."

ಹಿಂದೆ ವರ್ನಾ ಒಮ್ಮೆ ಕೆಮ್ಮಿದಳು.

ಎಲ್ಡನ್ ಎತ್ತಿದ ಕೈಯನ್ನು ಹಾಗೇ ಕೆಳಗಿಳಿಸಿ ಜೇಬಿಗೆ ಹಾಕಿಕೊಂಡ.

"ಬಾಲ," ಎಂದ. "ಬರೀ ಬಾಲ."